ಹೀಟರ್ ಕಿಂಡಿಯ ಜಾಲರಿ

ಚಳಿಗಾಲದಲ್ಲಿ ಮರುಭೂಮಿಗೆ ಬಾಡಿಗೆಗೆ ಹೋಗುವ ಕ್ಯಾರವಾನಿನ ನೆಲದಲ್ಲಿದ್ದ ಹೀಟರ್ ಕಿಂಡಿಗಳಿಗೆ ಮೆಕ್ಯಾನಿಕ್ ಕಾಸಿಂ ಜಾಲರಿ ಹಾಕಿದ್ದ. ಕಂಪನಿಯವರು ಅದನ್ನು ಕೀಳಿಸಿದರು. ಗಾಡಿಯೊಳಗೆ ಹೊಗೆ ತುಂಬಿ ಬಾಡಿಗೆಗೆ ಪಡೆದವರ ಮಗು ಕೆಮ್ಮತೊಡಗಿದಾಗ ತಪ್ಪನ್ನು ಅವನ ತಲೆಗೇ ಕಟ್ಟಿದರು.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಬಸ್‌ಸ್ಟಾಪಿನಲ್ಲಿ ಕೂತಿದ್ದ ನರ್ಸ್ ಡೆಬೊರಾಳಿಗೆ ಇದೆಲ್ಲ ಗೊತ್ತಾದದ್ದು ಪಕ್ಕದಲ್ಲಿ ನಿಂತಿದ್ದ ಇಬ್ಬರ ಜಗಳದಿಂದ. ಪರದೇಶದಲ್ಲಿ ತನ್ನೂರಿನ ಕನ್ನಡ ಕೇಳಿದ ಮೇಲೆ ಕಿವಿ ಮುಚ್ಚಿಕೊಳ್ಳುವುದು ಹೇಗೆ?

“ಮಗುವಿನ ತಂದೆಗೆ ಒಂದು ಸ್ವಾರಿ ಹೇಳಿದ್ರೆ ಖಲಾಸ್ ಅಲ್ವಾ ಮಾರಾಯ? ಕಿಂಡಿ ಕ್ಲೀನ್ ಮಾಡ್ಲಿಕ್ಕೆ ಮರೆತೆ ಅಂತ ಹೇಳು,” ಎಂದ ಸೂಪರ್‌ವೈಸರ್ ಪಾಯ್ಸ್.

“ಮರೆತದ್ದು ಯಾರು ಪಾಯ್ಸರೇ?” ಎಂದ ಕಾಸಿಂ. “ಜನ ಮರುಭೂಮಿಯ ಹೊಯಿಗೆ ಗುಡಿಸಿ ಕಿಂಡಿಗೇ ದೂಡ್ತಾರೆ. ಖರ್ಜೂರದ ಬೀಜ, ಟಿಶ್ಯೂ ಎಲ್ಲ ಅಲ್ಲಿಗೇ. ಹೀಟರ್ ಬಿಸಿಗೆ ಅದೆಲ್ಲ ಸುಟ್ಟು ಹೊಗೆ ಏಳ್ತದೆ. ಅದಕ್ಕೇ ಅಲ್ವಾ ಜಾಲರಿ ಹಾಕಿದ್ದು?”

“ಜಾಹೀರಾತಿನ ಫೋಟೋದಲ್ಲಿ ಚಂದ ಕಾಣುದಿಲ್ಲ ಅಂತ ಬಾಸ್ ಹೇಳಿದ್ರು.”

“ಹೊಗೆ ಚಂದ ಕಂಡಿತಾ? ಆ ಮಗು ಕೆಮ್ಮಿ ಕೆಮ್ಮಿ ಆಸ್ಪತ್ರೆಗೆ ಹೋಯ್ತು.”

“ಮಗು ಈಗ ಸರಿ ಉಂಟಲ್ಲ. ನಿನ್ನ ವೀಸಾ ನೆನಪಿರ್ಲಿ. ನನಗೂ ಹೊಟ್ಟೆ ಉಂಟು ಮಾರಾಯ.”

“ಜಾಲರಿ ಪುನಃ ಹಾಕಿಸ್ತೀರಾ?”

“ಆ ಮಾತು ಈಗ ಬೇಡ.”

“ಹಾಗಾದ್ರೆ ನಾಳೆ ಹೋಗುವ ಮಕ್ಕಳೂ ಕೆಮ್ಮಲಿ ಅಂತಲಾ?”

ಬಸ್ ಬಂತು. ಪಾಯ್ಸ್ ಅವಸರದಲ್ಲಿ ನಂಬರು ಒತ್ತಿ ಫೋನನ್ನು ಮುಂದಕ್ಕೆ ಹಿಡಿದ. “ಮಗುವಿನ ತಂದೆ. ಯಲ್ಲಾ, ಬೇಗ ಮಾತಾಡು.”

ಕಾಸಿಂ ಫೋನು ಮುಟ್ಟಲಿಲ್ಲ.

“ನಾನು ಹೇಳುದಿಲ್ಲ. ಜಾಲರಿ ಕೀಳಿಸಿದವರೇ ಹೇಳ್ಲಿ,” ಎಂದು ಬಸ್ ಹತ್ತಿದ.