ಉಪದೇಶಕ್ಕೆ ಖರ್ಚಾದ ದಾರ

ರಿಪೇರಿ ಅಂಗಡಿಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಗಂಡ ಹೆಂಡತಿ ಕೂತಿದ್ದರು. ಗಂಡನ ತೊಡೆಯ ಮೇಲೆ ಹುಲ್ಲು ಕತ್ತರಿಸುವ ಯಂತ್ರ. ಅದರಲ್ಲಿ ಬ್ಲೇಡಿನ ಬದಲು ತಿರುಗಿ ಹುಲ್ಲು ಕುಯ್ಯುವ ನೈಲಾನ್ ದಾರದ ಸುರುಳಿ ಖಾಲಿಯಾಗಿತ್ತು.

“ದಾರ ತಾನಾಗೇ ಬರುತ್ತೆ ಅಂತ ಹೇಳಿ ಇದನ್ನ ಮಾರಿದವನು ಚೆನ್ನಾಗಿ ಟೋಪಿ ಹಾಕಿದ ನೋಡು. ಹಿತ್ತಲಲ್ಲಿ ಅರ್ಧ ಹುಲ್ಲು ಹಾಗೇ ನಿಂತಿದೆ.”

“ಸ್ವಿಚ್ ಒತ್ತಿದಾಗೆಲ್ಲ ಒಂದಿಷ್ಟು ದಾರ ಹೊರಗೆ ಬರುತ್ತೆ, ಜಾಸ್ತಿ ಆಗಿದ್ದು ಕಟ್ಟಾಗಿ ಬೀಳುತ್ತೆ ರೀ. ಡಬ್ಬದ ಮೇಲೇ ಬರೆದಿತ್ತಲ್ಲ.”

“ಸ್ವಿಚ್ ಒತ್ತದೆ ಇನ್ನೇನು ಊದಿ ಶುರು ಮಾಡ್ಲಾ?”

“ಒಂದ್ಸಲ ಒತ್ತಿ ಸುಮ್ಮನೆ ಕುಯ್ತಾ ಹೋಗ್ಬೇಕು. ನೀವು ಎರಡು ಹೆಜ್ಜೆಗೊಂದ್ಸಲ ನಿಲ್ಲಿಸಿ, ಬಕೆಟ್ ಯಾಕೆ ಅಲ್ಲಿಟ್ಟೆ, ಬಟ್ಟೆ ಯಾಕೆ ಹಿಂಗೆ ಒಣಹಾಕ್ದೆ ಅಂತ ಶುರು ಹಚ್ಕೋತೀರ. ನಿಮ್ಮ ಉಪದೇಶಕ್ಕೇ ಒಂದು ಸುರುಳಿ ಖರ್ಚಾಯ್ತು.”

“ತಪ್ಪು ಕಂಡ್ರೆ ಹೇಳಬಾರದಾ?”

“ಹೇಳಿ. ಮಷೀನ್ ಓಡ್ತಿರುವಾಗ್ಲೇ ಹೇಳಿ.”

“ಆ ಗಲಾಟೇಲಿ ನಿನಗೆ ಏನು ಕೇಳ್ಸುತ್ತೆ?”

“ಆವತ್ತು ಅಂಗಡೀಲಿ ಅಷ್ಟೊಂದು ಮಷೀನ್ ಇದ್ರೂ ನಾನು ಇದನ್ನೇ ಯಾಕೆ ಆರಿಸ್ದೆ ಅಂದ್ಕೊಂಡ್ರಿ?”

ರಿಪೇರಿಯವನು ಹೊಸ ಸುರುಳಿ ಹಾಕಿಕೊಟ್ಟ. ಗಂಡ ಯಂತ್ರ ಹೊತ್ತುಕೊಂಡು ಅವಳ ಹಿಂದೆ ಹೊರಟ. ಬಾಗಿಲ ಬಳಿ ಏನೋ ಹೇಳಲು ಬಾಯಿ ತೆರೆದ.

“ತಡೀರಿ,” ಎಂದಳು ಅವಳು, ಹಿಂತಿರುಗಿಯೂ ನೋಡದೆ. “ಮನೆಗೆ ಹೋಗಿ ಅದನ್ನ ಆನ್ ಮಾಡಿ. ಆಮೇಲೆ ಹೇಳೋರಂತೆ.”