ಗಂಗಕ್ಕನ ಮಷೀನು

ನಂಬೋದು ಬಿಡೋದು ನಿಮಗ ಬಿಟ್ಟಿದ್ದು. ಇದು ಆಗಿದ್ದು ನಮ್ಮ ಚಿಕ್ಕಮ್ಮನ ಮಗಳು ತ್ರಿವೇಣಿಗೆ… ಕಂಪ್ಲಿ ಹೊರಗ, ಗಂಡನ ಹೊಲದ ಬಾವಿ ಹತ್ರ.

ತ್ರಿವೇಣೀನ ಎರಡನೇ ಸಂಬಂಧಕ್ಕ ಕೊಟ್ಟಿದ್ರು. ಗಂಡ ಕೊಟ್ರಯ್ಯ, ರೈಸ್ ಮಿಲ್ಲಿನವ. ಆತನ ಮೊದಲ ಹೆಂಡ್ತಿ ಗಂಗಾಂಬಿಕಾ ಕಾಮಾಲೆ ಆಗಿ ತೀರಿಕೊಂಡಿದ್ಲು. ಅದಕ್ಕೂ ಮೊದ್ಲೇ ಅಕಿ ಎದೆಬಡಿತ ಭಾಳ ನಿಧಾನಾಗಿ, ಹೊಸಪೇಟೆ ಡಾಕ್ಟ್ರು ಹೇಳಿ ಪೇಸ್‌ಮೇಕರ್ ಹಾಕಿಸಿದ್ರು. ಭುಜದ ಕೆಳಗ, ಚರ್ಮದ ಒಳಗ, ಬೆಂಕಿಪೊಟ್ಣದಷ್ಟು ಮಷೀನು. ಎದೆ ತಾನಾಗೇ ಬಡದ್ರ ಅದು ಸುಮ್ಮನಿರತೈತಿ. ತಡ ಮಾಡಿದ್ರ ಸಣ್ಣ ಕರೆಂಟು ಕೊಟ್ಟು ಬಡಸತೈತಿ. ನಿಮಿಷಕ್ಕ ಅರವತ್ತಕ್ಕಿಂತ ಕೆಳಗ ಇಳಿಯಾಕ ಬಿಡಂಗಿಲ್ಲ.

ಹೆಣ ಸುಡೋರಾದ್ರ ಅದನ್ನ ತೆಗೀಲೇಬೇಕು, ಬೆಂಕ್ಯಾಗ ಸಿಡೀತೈತಂತ. ಇವರು ಕುಂದ್ರಿಸಿ ಮಣ್ಣು ಮಾಡೋ ಮಂದಿ. ತೆಗೀಲಿಲ್ಲ. ಬಾವಿ ಪಕ್ಕದಾಗ ಮಷೀನ್ ಸಮೇತ ಕುಂದ್ರಿಸಿದ್ರು.

"ಹತ್ತು ವರ್ಷದ ಬ್ಯಾಟ್ರಿ. ಇನ್ನೂ ಏಳು ವರ್ಷ ಐತಿ," ಅಂತ ಕೊಟ್ರಯ್ಯ ಹೊಸ ಹೆಂಡ್ತಿ ಮುಂದ ಹೇಳಿದ್ನಂತ. ಅದೂ ಉಣ್ಣಾಕ ಕುಂತಾಗ! ಗಂಡಸರಿಗೆ ಎಲ್ಲಿ ಏನು ಆಡಬೇಕು ಅನ್ನೋದೇ ತಿಳಿಯಂಗಿಲ್ಲ ನೋಡ್ರಿ. ತ್ರಿವೇಣಿ ಹೊಟ್ಟೆ ಧಗಧಗ ಉರೀತು. ಬದುಕಿದ್ದ ಸವತಿ ಆಗಿದ್ರ ಜಗಳನಾರ ಆಡ್ತಿದ್ಲು.

ದಿನಾ ರಾತ್ರಿ ತ್ರೀಫೇಸ್ ಕರೆಂಟು ಬಂದ ಕೂಡ್ಲೇ ಆತ "ಮೋಟ್ರು ಚಾಲೂ ಮಾಡಿ ಬರ್ತೀನಿ" ಅಂತ ಹೋಗೋನು. ಎರಡು ತಾಸು ಬರ್ತಿರಲಿಲ್ಲ. ಒಂದಿನ ತ್ರಿವೇಣಿ ಹಿತ್ತಲಾಗ ನಿಂತು ಕಿವಿಗೊಟ್ಲು… ಮೋಟ್ರು ಸದ್ದೇ ಇಲ್ಲ. ಹೊಲದ ದಾರಿ ಹಿಡಿದ್ಲು.

ಬಾವಿ ಹತ್ರ ಬಂದು ನೋಡಿದ್ರ… ಆತ ಗಂಗಾಂಬಿಕಾನ ಸಮಾಧಿ ಮ್ಯಾಲೆ ಕಿವಿ ಇಟ್ಟು ಮಲಗ್ಯಾನ.

"ಕೇಳಸ್ತೈತಿ ಗಂಗಾ…" ಅಂತ ಪಿಸುಗುಟ್ಟಿದ.

ಆತ ಎದ್ದು ಹೋಗೋತನ ತ್ರಿವೇಣಿ ಬಾವಿ ಗ್ವಾಡಿಗೆ ಒತ್ತಿಕೊಂಡು ನಿಂತ್ಲು. ಆಮ್ಯಾಲೆ ತಾನೂ ಸಮಾಧಿಗೆ ಕಿವಿ ಇಟ್ಲು. ಪೇಸ್‌ಮೇಕರಿಗೆ ಸದ್ದಿರಂಗಿಲ್ಲ, ನನಗೂ ಗೊತ್ತು. ಆದ್ರ ಅಕಿಗೆ ಕೇಳಿಸ್ತು. ದಪ್… ದಪ್… ಒದ್ದಿ ಅರಿವೀನ ಕಲ್ಲಿಗೆ ಬಡದಂಗ. ಒಂಚೂರೂ ಅವಸರಿಲ್ಲ.

ಬ್ಯಾರೇರಾಗಿದ್ರ ಓಡಿಹೋಗ್ತಿದ್ರು. ಹೊಟ್ಟೆಕಿಚ್ಚು ಅಕೀನ ಓಡಾಕ ಬಿಡಲಿಲ್ಲ.

"ಅಕ್ಕಾ… ಸತ್ತ ಮ್ಯಾಲೂ ಅವ್ರನ್ನ ಕರೀತಿಯಲ್ಲ. ಅದನ್ನ ನಿಲ್ಸು. ಇಲ್ಲಾ ನನಗ ಕೊಟ್ಟುಬಿಡು."

ಸದ್ದು ನಿಂತುಹೋತು.

ಮರುದಿನ ತ್ರಿವೇಣಿ ತಲಿ ತಿರುಗಿ ಬಿದ್ಲು. ದವಾಖಾನ್ಯಾಗ ಇಸಿಜಿ ತೆಗೆದ್ರು. ಡಾಕ್ಟರಮ್ಮ ಕಾಗದ ನೋಡಿ, "ಪೇಸ್‌ಮೇಕರ್ ಯಾವಾಗ ಹಾಕಿಸಿದ್ರಿ?" ಅಂತ ಕೇಳಿದ್ರು. ಒಂದೊಂದು ಬಡಿತದ ಮುಂದೂ, ಮಷೀನು ಕರೆಂಟು ಕೊಟ್ಟಾಗ ಬೀಳೋ ಸೂಜಿಯಂಥ ಗೆರಿ! ಮೆಟ್ಲು ಹತ್ತಿಸಿ ಎಣಿಸಿದ್ರು, ಅರವತ್ತು. ಮಲಗಿಸಿ ಎಣಿಸಿದ್ರು, ಅರವತ್ತು. ಎಕ್ಸ್‌ರೇ ತೆಗೆದ್ರ ಎದ್ಯಾಗ ಏನೂ ಇಲ್ಲ.

ಈಗ ಕೊಟ್ರಯ್ಯ ರಾತ್ರಿ ಹೊಲಕ್ಕ ಹೋಗಂಗಿಲ್ಲ. ಉಂಡ ಕೂಡ್ಲೇ ಬಂದು ಹೆಂಡ್ತಿ ಎದಿ ಮ್ಯಾಲೆ ಕಿವಿ ಇಟ್ಟು ಮಲಗ್ತಾನ. ಅಕಿ ಬೇಡಿದ್ದೂ ಅದನ್ನೇ ಅಲ್ಲೇನ್ರಿ? ಆದ್ರ ಆತ ಕಣ್ಣು ಮುಚ್ಚಿ ಮಾತಾಡೋದು ತ್ರಿವೇಣಿ ಜೋಡಿ ಅಲ್ಲ.

ಸುಳ್ಳಲ್ಲ ಇದು. ಹೋದ ದೀಪಾವಳಿಗೆ ಅವರ ಮನ್ಯಾಗ ಉಳಿದಿದ್ದೆ, ಆತನ್ನ ಪಡಸಾಲಿಗೆ ಕಳಿಸಿ ಅಕಿ ಮಗ್ಗಲಾಗೇ ಮಲಗಿದ್ದೆ. ಆದ್ರೂ ರಾತ್ರಿ ಪೂರ್ತಿ ಅಕಿ ಬೋರಲ ಮಲಗಿದ್ಲು, ಎರಡೂ ಕೈ ಎದಿ ಕೆಳಗ ಒತ್ತಿಕೊಂಡು.