ಹಂಗಾರ ಹೆಂಗ ಹೇಳ್ತಿ?

...ಇಲ್ಲ, ಇಲ್ಲ, ಆ ಕಾಗದ ಮೊದಲ ಒಳಗಿಡು. ಕುಂದ್ರು. ಕುಂದ್ರವಾ ಉಡಚವ್ವಾ, ನಿಂತ ನಿಂತ ಏನು ಮಾತು? ಕರ್ಜಗಿಯಿಂದ ಮೊದಲನೇ ಬಸ್ಸಿಗೆ ಜೋತುಬಿದ್ದ ಬಂದಿರಬೇಕು ನೀ. ಹಾಂ... ಹಂಗ. ಅಲ್ಲಾವುದ್ದೀನ ವಕೀಲನ ಆಫೀಸಿಗೆ ಬಂದವರು ಹಂಗ ಸಹಿ ಹಾಕಿಸಿಕೊಂಡು ಎದ್ದು ಹೋಗೂದಿಲ್ಲ, ಚಹಾ ಕುಡದ ಹೋಗ್ತಾರ.

ಏನು ನೋಡಾಕತ್ತಿ? ಇದಾ? ಗೌನಿನ ತೋಳಾ? ಏನಿಲ್ಲ ಬಿಡು... ವಕೀಲರ ರೂಮಿನ್ಯಾಗ ಒಂದು ಹಳೇ ಖುರ್ಚಿ ಐತಿ, ಅದರ ಮೊಳಿಗೆ ಸಿಕ್ಕು ಹೊಲಿಗಿ ಬಿಚ್ಚಿತು. ನಿನ್ನೆ. ನಮ್ಮ ಜೈತೂನಬಿಗೆ ಇನ್ನಾ ತೋರ್ಸಿಲ್ಲ. ನಮ್ಮ ಮನಿಯಾಕಿ ಸೂಜಿ ಹಿಡಿಯೂದಕ್ಕಿಂತ ಮೊದಲ ಯಾಕ ಹರೀತು, ಎಲ್ಲಿ ಹರೀತು ಅಂತ ಕೇಳ್ತಾಳ. ನನಗಿಂತ ಜೋರ ವಕೀಲಿ ಆಕಿದು! ...ನಗು ಬರಲಿಲ್ಲ ನಿನಗ? ಇರ್ಲಿ.

ಹಂಗಾರ ಗುಡದಪ್ಪ ಹೊಸಾ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದ. ನಿನ್ನ ಗಂಡ. ಯಾರ ಹೆಸರಿಗೆ? ಅಂಜಿನಪ್ಪನ ಹೆಸರಿಗೆ! ನಿನ್ನೆ ಸಂಜಿತನಕ ಆ ಮೂಲ್ಯಾಗ, ಅಗೋ ಆ ಸ್ಟೂಲಿನ ಮ್ಯಾಲ ಕುಂತಿದ್ದ ನನ್ನ ಜೂನಿಯರ್. ಈಗ ನಾ ಇದರ ಮ್ಯಾಲ 'ತಕರಾರಿಲ್ಲ' ಅಂತ ಸಹಿ ಹಾಕಬೇಕು. ಹಾಕದಿದ್ರ ಅಂವ ಈ ಕೇಸಿನ್ಯಾಗ ಬಾಯಿ ತೆಗಿಯಂಗಿಲ್ಲ. ನಮ್ಮ ವಕೀಲರ ಪದ್ಧತಿ ಅದು, ಮೊದಲಿನಾಂವ ಬಿಡತೇನಿ ಅನ್ನದ ಇನ್ನೊಬ್ಬಾಂವ ಹಿಡಿಯಂಗಿಲ್ಲ. ನೀ ಬಂದು ಕೈ ಮುಗುದ್ರ ಸಹಿ ಬೀಳ್ತೈತಿ ಅಂತ ಅಂವನ ಕಳಿಸ್ಯಾನ, ಅಲ್ಲ? ಹೇಳು. ಹೇಳಬ್ಯಾಡ ಬಿಡು, ಗೊತ್ತಾತು.

ಅಲ್ಲವಾ, ರಾಣೆಬೆನ್ನೂರಿನಿಂದ ಬ್ಯಾಡಗಿತನಕ ಯಾರನ್ನರ ಕೇಳು ನನ್ನ ಹೆಸರ. ಮೆಣಸಿನಕಾಯಿ ಕಣದಾಗ ಬಡದಾಟ ಆದ್ರ ತಲಿ ಒಡಕೊಂಡವರು ಮೊದಲ ನನ್ನ ಹತ್ರ ಬರ್ತಿದ್ರು, ಆಮ್ಯಾಲ ಡಾಕ್ಟರ್ ಹತ್ರ. ಕೋರ್ಟಿನ ವರಾಂಡಾದಾಗ ನಾ ಹೊಂಟ್ರ ಮಂದಿ ಎದ್ದು ನಿಲ್ತಿದ್ರು. ನಿಲ್ತಾರ. ಈಗೂ ನಿಲ್ತಾರ! ಯಾಕ ಹಂಗ ನೋಡ್ತಿ? ಖರೇ ಹೇಳಾಕತ್ತೇನಿ.

ಈ ಅಂಜಿನಪ್ಪ ಗುತ್ತಲದಿಂದ ಬಂದಾಗ ಹೆಂಗಿದ್ದ ಗೊತ್ತೇನು? ಜಡ್ಜ್ ಸಾಹೇಬ್ರನ್ನ ಕಂಡ್ರ ನಾಲಿಗಿ ಅಂಗುಳಕ್ಕ ಅಂಟಿಕೊಳ್ತಿತ್ತು! ಕೊರಳಾಗಿನ ಬಿಳೇ ಪಟ್ಟಿ ನಮ್ಮ ಜೈತೂನಬಿ ಹೊಲದು ಕೊಟ್ಟಾಳ. ಪಾಟೀಸವಾಲು ಅಂದ್ರೇನು, ಎದುರಿನವರ ಸಾಕ್ಷಿಯನ್ನ ಹೆಂಗ ತಿರುಗಾ ಮುರುಗಾ ಕೇಳಬೇಕು, ಎಲ್ಲಾ ಕಲಿಸಿದಾಂವ ನಾನು. 'ಅಂಜಿನಪ್ಪಾ, ಉತ್ತರ ಗೊತ್ತಿಲ್ಲದ ಪ್ರಶ್ನಿ ಕೇಳಬ್ಯಾಡ. ಬೇಕಾದ್ದು ಸಿಕ್ಕ ಕೂಡ್ಲೆ ಕುಂತಬಿಡು. ಕೋರ್ಟಿನ್ಯಾಗ ಎದ್ದು ನಿಲ್ಲೂದು ಎಲ್ಲಾರಿಗೂ ಬರತೈತಿ, ಕುಂದ್ರೂದು ಬರಬೇಕು.' ನನ್ನ ಮಾತು! ಈಗ ಚಹಾದಂಗಡ್ಯಾಗ ಮಂದಿ ಏನಂತಾರ? 'ಅಂಜಿನಪ್ಪ ವಕೀಲರು ಭಾರಿ ಶ್ಯಾಣ್ಯಾ ಅದಾರ್ರಿ.' ಬ್ಯಾಡಗಿಯವರು ನನ್ನ ಬಾಗಿಲಾಗ ಚಪ್ಪಲಿ ಬಿಟ್ಟು, ನನ್ನ ಖುರ್ಚಿ ದಾಟಿ, ಆ ಸ್ಟೂಲಿನ ಹತ್ರ ಹೋಗಿ ಕುಂದ್ರತಾರ. ನನ್ನ ಆಫೀಸಿನ್ಯಾಗ! ಮನ್ಯಾಗೂ ಅದ. ಊಟಕ್ಕ ಕುಂತ್ರ ಜೈತೂನಬಿ, 'ಅಂಜಿನಪ್ಪ ಉಂಡಾನೇನ್ರಿ?'

ಹೊಟ್ಟಿಕಿಚ್ಚಾ? ನನಗಾ? ನೀ ಅನ್ನಲಿಲ್ಲ... ಆದ್ರ ನಿನ್ನ ಮಾರಿ ಅಂತೈತಿ. ಥೂ, ಕಲಿಸಿದ ಗುರುವಿಗೆ ಹೊಟ್ಟಿಕಿಚ್ಚೇನವಾ.

ಚಹಾ ಆರಾಕತ್ತೈತಿ, ಕುಡಿ.

ನಿನ್ನೆ ಏನಾತು ಅಂತ ನಾ ಹೇಳ್ತೇನಿ ಕೇಳು. ನಿನಗ ಗೊತ್ತಿಲ್ಲ. ನೀ ನಮ್ಮ ಕಡೆ ಸಾಕ್ಷಿ. ಸಾಕ್ಷಿದಾರರು ಒಬ್ಬರ ಮಾತು ಒಬ್ಬರು ಕೇಳಬಾರದು, ಅದಕ್ಕ ನಿನ್ನ ಹೊರಗ ಕುಂದ್ರಿಸಿದ್ದೆ. ಗುಡದಪ್ಪ ಜ್ವರ ಬಂದು ಮಲಗಿದ್ದ, ಸಾಹೇಬ್ರ ಕಡೆಯಿಂದ ಅಂವಗ ರಜಾ ತಗೊಂಡಿದ್ದೆ. ಅಂದ್ರ ನಿಮ್ಮ ಮನಿಯವರು ಯಾರೂ ಒಳಗಿರಲಿಲ್ಲ. ಹೌದಲ್ಲ?

ಮಾಲತೇಶಪ್ಪ ಕಟಕಟಿ ಹತ್ತಿದ. 'ನನ್ನ ಬಣಿವಿಗೆ ಬೆಂಕಿ ಇಟ್ಟು ಓಡಿದಾಂವ ಗುಡದಪ್ಪನರಿ' ಅಂದ. ನನಗ ಗಂಟಲು ಕಟ್ಟಿತ್ತು, ಪಾಟೀಸವಾಲಿಗೆ ಅಂಜಿನಪ್ಪನ್ನ ಎಬ್ಬಿಸಿದೆ. ಅಂವ ಒದರ್ಲಿಲ್ಲ, ಟೇಬಲ್ ಬಡೀಲಿಲ್ಲ. ಊರಾಗ ಕಟ್ಟಿ ಮ್ಯಾಲ ಕುಂತು ಕೇಳಿದಂಗ ಕೇಳಿದ. 'ಅವತ್ತ ಅಮಾಸಿ, ಅಲ್ಲಪಾ?' 'ಹೌದ್ರಿ.' 'ಬೆಂಕಿ ಹಚ್ಚೂದು ನೋಡಿದ್ಯೇನು?' 'ಇಲ್ರಿ, ಓಡಿ ಹೋಗೂದು ನೋಡಿದೆ.' 'ಮಾರಿ ಕಂಡ್ತೇನು?' 'ಇಲ್ರಿ, ಬೆನ್ನು ಕಂಡ್ತು.' 'ಬೆನ್ನಷ್ಟ?' 'ಬೆನ್ನಷ್ಟರಿ.'

ಅಷ್ಟ! ಮುಗೀತು! ನಿನ್ನ ಗಂಡ ಅರ್ಧ ಮನಿಗೆ ಬಂದಂಗ! ಸಾಹೇಬ್ರು ಬರಿಯೂದು ನಿಲ್ಲಿಸಿ ಅಂವನ್ನ ನೋಡಿದ್ರು... ಹಂಗ ನೋಡಿದ್ರು ಉಡಚವ್ವಾ... ನನ್ನ ಆಯುಷ್ಯದಾಗ ಒಬ್ಬ ಸಾಹೇಬ್ರೂ ನನ್ನನ್ನ ಹಂಗ ನೋಡಿಲ್ಲ. ಹಿಂದಿನ ಬೆಂಚಿನಿಂದ ಯಾರೋ 'ಶಾಬಾಸ್' ಅಂದ್ರು. ಶಾಬಾಸ್! ನಾ ಬಾಜೂಕ ಕುಂತೇನಿ, ಶಾಬಾಸ್ ಅಂವಗ! ಎದಿಯಾಗ ಮೆಣಸಿನಕಾಯಿ ಅರದಂಗಾತು.

...ಏನಂದೆ ನಾ? ಏನಿಲ್ಲ. ಗಂಟಲು, ಗಂಟಲು ಉರೀತು ಅಂದೆ.

ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. ಶಾಬಾಸ್ ಅಂದ ಕೂಡ್ಲೆ ಹುಡುಗ್ರಿಗೆ ಪಿತ್ತ ನೆತ್ತಿಗೇರತೈತಿ. ಮತ್ತೊಂದು ಪ್ರಶ್ನಿ ಕೇಳಿದ... ಅಂಜಿನಪ್ಪ. 'ಮಾರಿ ಕಾಣಲಿಲ್ಲ ಅಂತಿ, ಹಂಗಾರ ಗುಡದಪ್ಪ ಅಂತ ಹೆಂಗ ಹೇಳ್ತಿ?' ಯಾ ಅಲ್ಲಾ! ಮಾಲತೇಶಪ್ಪ ಅದನ್ನ ಕಾಯ್ಕೋತ ನಿಂತಿದ್ದ. 'ಅಂವನ ಕರೀ ನಾಯಿ ಹಿಂದ ಓಡ್ತಿತ್ತಲ್ರೀ! ಆ ನಾಯಿ ಗುಡದಪ್ಪನ್ನ ಬಿಟ್ಟು ದೇವರು ಕರದ್ರೂ ಹೋಗಂಗಿಲ್ಲರಿ.' ಕೋರ್ಟಿಗೆ ಕೋರ್ಟೇ ನಕ್ಕಿತು. ಸಾಹೇಬ್ರು ಪೆನ್ನು ಎತ್ತಿ ಬರಕೊಂಡ್ರು. ನಾಯಿ ಬಂದು ನಿನ್ನ ಗಂಡನ್ನ ಜೇಲಿನ ಬಾಗಿಲಿಗೆ ನಿಲ್ಲಿಸ್ತು.

ಇದೆಲ್ಲಾ ಮಾಡಿ, ರಾತ್ರಿ ನಿಮ್ಮೂರಿಗೆ ಬಂದಿದ್ದನಂತಲ್ಲ ಅಂವ? ಸುಟ್ಟ ಬಣಿವಿ ಹತ್ರ ಕತ್ತಲಾಗ ನಿಂತು, ನಿಮ್ಮ ನಾಯಿ ಓಡಿಸಿ ನೋಡಿದನಂತ! ಮಾಲತೇಶಪ್ಪನ್ನ ಮತ್ತ ಕರಸಾಕ ಅರ್ಜಿ ಹಾಕ್ತಾನಂತ. 'ಅಮಾಸಿ ಕತ್ತಲಾಗ ಕರೀ ನಾಯಿ ಯಾರದು ಅಂತ ಹೆಂಗ ಗುರ್ತು ಸಿಕ್ತು?' ಅಂತ ಕೇಳ್ತಾನಂತ...

ಚಲೋ ಪ್ರಶ್ನಿ. ಅಗದೀ ಚಲೋ ಪ್ರಶ್ನಿ. ರಾತ್ರಿಯೆಲ್ಲಾ ಹಾಸಿಗ್ಯಾಗ ಹೊಳ್ಳಾಡಿದೆ ನಾ, ನನಗ ಹೊಳೀಲಿಲ್ಲ ನೋಡು ಅದು. ಅಂವಗ ಹೆಂಗ ಹೊಳೀತು? ಯಾಕ ಅಂವಗ ಹೊಳೀಬೇಕು?

ಹೋಗ್ಲಿ. ಆ ಪ್ರಶ್ನಿ ನಾನ ಕೇಳ್ತೇನಿ. ಕೇಸು ನನ್ನ ಹತ್ರ ಇರ್ಲಿ. ನಿನ್ನ ಗಂಡನ್ನ ಮುಳುಗಿಸಿದಾಂವನ ಕೈಯಾಗ ಮತ್ತ ಹಗ್ಗ ಕೊಡ್ತಿಯೇನು? ಮುಳುಗಿಸಿದಾಂವ ಅಂವನ.

ಯಾಕ ತಲಿ ಅಳ್ಳಾಡಸ್ತಿ?

ಅಂವ ಕೇಳಲಿಲ್ಲಂತಿ? ಅಂವ ಹೇಳಿದನೇನು ಹಂಗ? ಇಲ್ಲ? ಅಂವ ಏನೂ ಹೇಳಿಲ್ಲ? ನನ್ನ ಹೆಸರ ಎತ್ತಿಲ್ಲ? ...ಹಂಗಾರ ನಾಟಕ ಬಿಡು. ನಾ ವಕೀಲ ಅದೇನಿ, ನಿನ್ನನ್ನ ಕೇಳ್ತೇನಿ, ಉತ್ತರಾ ಕೊಡು. ನಿನ್ನೆ ನೀ ಕೋರ್ಟಿನ ಒಳಗಿದ್ದ್ಯೇನು? ಇಲ್ಲ. ಎಲ್ಲಿದ್ದಿ? ವರಾಂಡಾದಾಗ. ನಡುವ ಗೋಡಿ. ನನ್ನ ಮಾರಿ ಕಂಡ್ತೇನು? ಇಲ್ಲ. ಅಂವನ ಮಾರಿ? ಅದೂ ಇಲ್ಲ. ನೋಡಿದ್ಯಾ? ಇದು ಪಾಟೀಸವಾಲು! ಇದಕ್ಕ ಅನ್ನಬೇಕು ಶಾಬಾಸ್! ಯಾರ ಮಾರೀನೂ ಕಾಣಲಿಲ್ಲ ಅಂತಿ, ಹಂಗಾರ ಅಂಜಿನಪ್ಪ ಕೇಳಲಿಲ್ಲ ಅಂತ ಹೆಂಗ ಹೇಳ್ತಿ?

ಯಾಕ ಎದ್ದಿ? ಬಳಿಯಾಗಿನ ಪಿನ್ನು ಯಾಕ ತೆಗದಿ? ಏ, ಬಿಡು... ಜೈತೂನಬಿ ಹೊಲಿತಾಳ ಬಿಡು... ಮೊಳಿಗೆ ಹರದದ್ದು ಅಂದೆನಲ್ಲ, ಖುರ್ಚಿ ಮೊಳಿಗೆ...

ಯಾಕ ಎಳೀತಿ? ಪಿನ್ನು ಹಾಕಿದಿ, ಆತಲ್ಲ, ಮತ್ತ ಯಾಕ ತೋಳು ಹಿಡದು ಎಳೀತಿ? ಹಿಂಗ... ಕೆಳಗ ಕುಂತು... ಹಿಂದಿನಿಂದ...

ಹಿಂಗ ಎಳದ ಅಂವ. ಹೌದು. ಕುಂತಲ್ಲೇ. 'ಬ್ಯಾಡ್ರಿ ಸರ್, ಬ್ಯಾಡ್ರಿ' ಅಂತ. ಹೊಲಿಗಿ ಬಿಚ್ಚಿದ್ರೂ ಬಿಡಲಿಲ್ಲ.

ಕಿಟಕಿ. ವರಾಂಡಾದ ಕಿಟಕಿ ನಮ್ಮ ಹಿಂದ ಬರತೈತಿ. ಇಷ್ಟು ವರ್ಷ ಆ ಕೋರ್ಟಿನ್ಯಾಗ ಅದೇನಿ, ಒಮ್ಮೆ ಹೊಳ್ಳಿ ನೋಡಿಲ್ಲ ನಾ. ನಿನಗ ಬೆನ್ನಷ್ಟ ಕಂಡ್ತು.

ಕುಂತಿದ್ದ ಬೆನ್ನು ಅಂವಂದು. ನಿಂತಿದ್ದ ಬೆನ್ನು ನಂದು.

...ಕೊಡವಾ ಆ ಕಾಗದ. ಸಹಿ ಎಲ್ಲಿ ಹಾಕಬೇಕು ತೋರ್ಸು.